ಎಕ್ಕುಟ್ಟಲಿ ಬಿಡಿ, ಚಿಟ್ಟೆ ಬರುತ್ತೆ

'ಎಕ್ಕುಟ್ಟೋಗ' ಅನ್ನೋದು ನಮ್ಮ ಕಡೆಯ ಖಾರವಾದ ಬೈಗುಳ. ನಿನ್ನ ಮನೆ ಹಾಳಾಗಿ ಅಲ್ಲಿ ಎಕ್ಕದ ಗಿಡ ಹುಟ್ಟಲಿ ಅಂತ ಅದರ ಅರ್ಥ. ಮನುಷ್ಯರ ಸಂಸಾರ ಮುಗಿದ ಜಾಗದ ಗುರುತು ಎಕ್ಕ. ಆದರೆ ಪ್ಲೇನ್ ಟೈಗರ್ ಅನ್ನೋ ಕಿತ್ತಳೆ ಬಣ್ಣದ ಚಿಟ್ಟೆಯ ಸಂಸಾರ ಶುರುವಾಗೋದೇ ಅಲ್ಲಿ. ಮನೆಯಂಗಳಕ್ಕೆ ಚಿಟ್ಟೆ ಬರಲಿ ಅನ್ನೋರು ಮೊದಲು ಈ ಬೈಗುಳದ ಜೊತೆ ರಾಜಿಯಾಗಬೇಕು.

ಯಾಕೆ ಅಂದರೆ, ಚಿಟ್ಟೆ ತೋಟ ಅಂದಕೂಡಲೇ ನಮಗೆ ನೆನಪಾಗೋದು ಹೂವು. ನರ್ಸರಿಯಲ್ಲಿ ಕೇಳಿದರೂ ಪೆಂಟಾಸ್, ಲಂಟಾನ, ಚೆಂಡುಹೂವನ್ನೇ ಕೊಡ್ತಾರೆ. ಅವುಗಳಲ್ಲಿ ಮಕರಂದ ಇದೆ, ಚಿಟ್ಟೆ ಬರುತ್ತೆ, ಕುಡಿದು ಹೋಗುತ್ತೆ. ಹೋಟೆಲಲ್ಲಿ ಊಟ ಚೆನ್ನಾಗಿತ್ತು ಅಂತ ಯಾರೂ ಆ ಊರಲ್ಲಿ ಸಂಸಾರ ಹೂಡೋದಿಲ್ಲ. ಚಿಟ್ಟೆ ಮೊಟ್ಟೆ ಇಡಬೇಕಾದರೆ ಅದರ ಮರಿಹುಳು ತಿನ್ನುವ ಎಲೆ ಬೇಕು. ಅಂಥ ಗಿಡಕ್ಕೆ ಆಹಾರ ಸಸ್ಯ ಅಂತಾರೆ.

ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಕಾಲಿನಿಂದಲೇ ರುಚಿ ನೋಡುತ್ತೆ. ಅದರ ಕಾಲಲ್ಲಿ ರಾಸಾಯನಿಕಗಳನ್ನು ಗುರುತಿಸುವ ಅಂಗಗಳಿವೆ. ಬೇಕಾದ ಗಿಡ ಅಲ್ಲದಿದ್ದರೆ ಮುಂದಕ್ಕೆ ಹಾರುತ್ತೆ. ಗಿಡಗಳು ಹುಳುಗಳಿಂದ ತಪ್ಪಿಸಿಕೊಳ್ಳೋಕೆ ಎಲೆಯಲ್ಲಿ ವಿಷ ಇಟ್ಟುಕೊಳ್ತವೆ. ಒಂದೊಂದು ಜಾತಿಯ ಚಿಟ್ಟೆಯ ಹುಳು ಕೆಲವೇ ಗಿಡಗಳ ವಿಷವನ್ನು ಅರಗಿಸಿಕೊಳ್ಳಲು ಕಲಿತಿದೆ. ಪ್ಲೇನ್ ಟೈಗರ್ ಅಂತೂ ಎಕ್ಕದ ಹಾಲಿನ ವಿಷವನ್ನು ಮೈಯಲ್ಲೇ ಉಳಿಸಿಕೊಂಡು ಹಕ್ಕಿಗಳಿಂದ ಪಾರಾಗುತ್ತೆ. ಡನೈಡ್ ಎಗ್‌ಫ್ಲೈ ಅನ್ನೋ ಇನ್ನೊಂದು ಚಿಟ್ಟೆಯ ಹೆಣ್ಣು, ವಿಷ ಇಲ್ಲದಿದ್ದರೂ ಥೇಟ್ ಪ್ಲೇನ್ ಟೈಗರ್ ಹಾಗೇ ವೇಷ ಹಾಕುತ್ತೆ. ಅದರ ಹುಳು ತಿನ್ನೋದು ಏನು ಗೊತ್ತಾ? ನಾವು ಸಾರಿಗೆ ಹಾಕುವ ಗೋಣಿಸೊಪ್ಪು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಸರಾದ ಜಾಗ ಮೂಡುಬಿದಿರೆ ಬಳಿಯ ಬೆಳುವಾಯಿ. ಸಮ್ಮಿಲನ್ ಶೆಟ್ಟಿ ಅಲ್ಲಿ ತಮ್ಮ ಸ್ವಂತ ಜಮೀನಿನಲ್ಲಿ ಆಹಾರ ಸಸ್ಯಗಳನ್ನು ಬೆಳೆಸಿ, ಬಲೆ ಕಟ್ಟದೆ ಚಿಟ್ಟೆಗಳು ತಾವಾಗೇ ಬರುವಂತೆ ಮಾಡಿದರು. ಅಲ್ಲಿಂದ ಕಲಿಯಬೇಕಾದ್ದು ಆ ವಿಧಾನ. ಗಿಡಗಳ ಪಟ್ಟಿಯನ್ನು ಹಾಗೇ ತಂದರೆ ಚಿತ್ರದುರ್ಗದಲ್ಲಿ ಕೆಲಸ ಮಾಡೋದಿಲ್ಲ. ಅದು ಘಟ್ಟದ ಕೆಳಗಿನ ಮಳೆಸೀಮೆ, ನಮ್ಮದು ಮಳೆನೆರಳಿನ ಬಯಲು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಪಶ್ಚಿಮ ಘಟ್ಟದ್ದು. ಅದು ಹಿರಿಯೂರಿಗೆ ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಕಿಲ್ಲ. ಬಯಲಿಗೆ ಬಯಲಿನದೇ ಚಿಟ್ಟೆಗಳಿವೆ.

ಯಾವ ಗಿಡಕ್ಕೆ ಯಾವ ಚಿಟ್ಟೆ?

ಅಡುಗೆಮನೆ ಹಿಂದೆ ಕರಿಬೇವು ಇದ್ದರೆ ಅರ್ಧ ಕೆಲಸ ಆಗಿದೆ. ಕಾಮನ್ ಮಾರ್ಮನ್ ಮತ್ತು ಲೈಮ್ ಬಟರ್‌ಫ್ಲೈ ಎರಡೂ ಅಲ್ಲಿ ಮೊಟ್ಟೆ ಇಡ್ತವೆ. ನಿಂಬೆ, ಬಿಲ್ವಪತ್ರೆಯೂ ಆಗುತ್ತೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ಒರೆಸಬೇಡಿ, ಅದೇ ಎಳೆಯ ಹುಳು.

ಬೇಲಿ ಪಕ್ಕ ಹರಳು ಗಿಡ ಬಿಟ್ಟರೆ ಕಾಮನ್ ಕ್ಯಾಸ್ಟರ್ ಬರುತ್ತೆ. ತಂಗಡಿ, ತಗಚೆಯ ಜಾತಿಯ ಗಿಡಗಳಿಗೆ ಎಮಿಗ್ರಂಟ್ ಚಿಟ್ಟೆಗಳು ಬರ್ತವೆ. ಎಲಚಿ ಗಿಡಕ್ಕೆ ಕಪ್ಪು ಚುಕ್ಕಿಯ ಪುಟ್ಟ ಕಾಮನ್ ಪಿಯರೋ. ಹೊಂಗೆಯ ಚಿಗುರಿಗೆ ಕಾಮನ್ ಬ್ಯಾಂಡೆಡ್ ಆಲ್. ಕಣಗಲೆಗೆ ಕಾಮನ್ ಕ್ರೋ. ಸೀತಾಫಲಕ್ಕೆ ಟೇಲ್ಡ್ ಜೇ. ಈ ಗಿಡಗಳಲ್ಲಿ ಬಹುಪಾಲು ಒಮ್ಮೆ ಬೇರು ಬಿಟ್ಟರೆ ಬೇಸಿಗೆಯಲ್ಲೂ ಕೊಡ ನೀರು ಕೇಳೋದಿಲ್ಲ. ಟ್ಯಾಂಕರ್ ನೀರಿಗೆ ಕಾಯುವ ಬಡಾವಣೆಗಳಿಗೆ ಇದು ಸಣ್ಣ ಮಾತಲ್ಲ.

ಎಚ್ಚರಿಕೆಯೂ ಬೇಕು. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು, ಹರಳು ಬೀಜ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕರಿಬೇವು, ಗೋಣಿಸೊಪ್ಪಿನಿಂದ ಶುರು ಮಾಡಿ. 'ಸಾವಯವ' ಅಂತ ಬೇವಿನೆಣ್ಣೆ ಸಿಂಪಡಿಸಿದರೂ ಚಿಟ್ಟೆಯ ಹುಳು ಸಾಯುತ್ತೆ. ಎಲೆ ತೂತಾಗೋದೇ ಈ ತೋಟ ಗೆದ್ದ ಲಕ್ಷಣ.

ಹಾಗಾದರೆ ರೈತರ ಗತಿ?

ಹೊಸದುರ್ಗ, ಹಿರಿಯೂರಿನ ದಾಳಿಂಬೆ ಬೆಳೆಗಾರರ ಮುಂದೆ ಚಿಟ್ಟೆ ಚಂದ ಅಂತ ಹೇಳಿ ನೋಡಿ. ದಾಳಿಂಬೆಯ ಕಾಯಿಕೊರಕ ಕೂಡ ಒಂದು ಚಿಟ್ಟೆಯ ಹುಳುವೇ. ಅನಾರ್ ಬಟರ್‌ಫ್ಲೈ ಹೂವು, ಎಳೆಗಾಯಿ ಮೇಲೆ ಮೊಟ್ಟೆ ಇಡುತ್ತೆ, ಹುಳು ಒಳಗೆ ಕೊರೆದು ಹಣ್ಣು ಕೊಳೆಯುತ್ತೆ. ಸಾಲ ಮಾಡಿ ಬೆಳೆದವರಿಗೆ ಅದನ್ನು ಪ್ರೀತಿಸು ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಆದರೆ ಎಕ್ಕ ತಿನ್ನುವ ಹುಳು ದಾಳಿಂಬೆ ಮುಟ್ಟೋದಿಲ್ಲ. ಎಲ್ಲ ಹುಳುವನ್ನೂ ಒಂದೇ ಕ್ಯಾನಿನ ಔಷಧಿಯಲ್ಲಿ ಮುಗಿಸುವಾಗ ಈ ವ್ಯತ್ಯಾಸ ಕಾಣೆಯಾಗುತ್ತೆ.

ಗಿಡವನ್ನೇ ಮುಗಿಸಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಪ್ಲೇನ್ ಟೈಗರ್‌ನ ಹತ್ತಿರದ ಸಂಬಂಧಿ ಮೊನಾರ್ಕ್ ಚಿಟ್ಟೆಯ ಹುಳು ತಿನ್ನೋದು ಮಿಲ್ಕ್‌ವೀಡ್ ಅನ್ನೋ, ಎಕ್ಕದ ಕುಟುಂಬದ ಗಿಡ. ಕಳೆನಾಶಕ ತಡೆದುಕೊಳ್ಳುವ ಮೆಕ್ಕೆಜೋಳ, ಸೋಯಾ ಬಂದ ಮೇಲೆ ಹೊಲಗಳಿಂದ ಮಿಲ್ಕ್‌ವೀಡ್ ಮಾಯವಾಯಿತು. ಮೊನಾರ್ಕ್ ಕಡಿಮೆಯಾಗಲು ಇದೂ ಒಂದು ಮುಖ್ಯ ಕಾರಣ ಅಂತ ವಿಜ್ಞಾನಿಗಳು ಗುರುತಿಸಿದ್ದಾರೆ. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ, ಮೆಕ್ಕೆಜೋಳದ ಬದುವಿನಲ್ಲಿ ಕಳೆನಾಶಕ ಹೊಡೆಯುವವರು ದುಷ್ಟರಲ್ಲ, ಕಳೆ ಕೀಳಿಸುವ ಕೂಲಿ ಅವರ ಕೈಗೆ ಎಟುಕ್ತಿಲ್ಲ ಅಷ್ಟೆ. ಬದು ಉಳಿಸಿದ ರೈತರಿಗೆ ಸರ್ಕಾರ ಏನು ಕೊಡುತ್ತೆ ಅನ್ನೋದು ಅದಕ್ಕೇ ಚಿಟ್ಟೆಯ ಪ್ರಶ್ನೆಯೂ ಹೌದು.

ಖರಾಬು ಅಂದರೆ ಯಾರಿಗೆ ಖರಾಬು?

ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಎಕ್ಕ, ತಂಗಡಿ, ತಗಚೆ, ಎಲಚಿ. ಇವು ಹುಟ್ಟೋದು ಗೋಮಾಳದಲ್ಲಿ, ಕಾವಲಿನಲ್ಲಿ, ಹಳ್ಳದ ದಂಡೆಯಲ್ಲಿ, ಗುಡ್ಡದ ಬುಡದಲ್ಲಿ. ಕಂದಾಯದ ಪಹಣಿಯಲ್ಲಿ ಇಂಥ ಎಷ್ಟೋ ಜಾಗಕ್ಕೆ 'ಖರಾಬು' ಅಂತ ಹೆಸರು. ಪಾಳು ಅಂತ ಬರೆದದ್ದನ್ನು ಕೊಟ್ಟುಬಿಡೋದು ಸುಲಭ. ಪಕ್ಕದ ಚಳ್ಳಕೆರೆಯಲ್ಲಿ ಅಮೃತ ಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಇಸ್ರೊ, ಬಿಎಆರ್‌ಸಿ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ದನ, ಕುರಿ ಮೇಯಿಸುವ ಜನ ಹುಲ್ಲಿಗಾಗಿ ಹೋರಾಡಿದರು, ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಹುಲ್ಲಿನ ಮಧ್ಯೆಯೇ ಚಿಟ್ಟೆಯ ಗಿಡಗಳೂ ಇರ್ತವೆ.

ಇಲ್ಲಿ ಮನೆಯಂಗಳದ ಮಿತಿ ಗೊತ್ತಾಗುತ್ತೆ. 30x40 ಸೈಟಿನ ಮೂಲೆಯ ನಾಲ್ಕು ಗಿಡ ಒಂದು ಕಾವಲಿಗೆ ಸಮ ಆಗೋದಿಲ್ಲ. ಆದರೆ ಚಿಟ್ಟೆ ಬಯಲಿಂದ ಬಯಲಿಗೆ ಹೋಗುವಾಗ ನಡುವೆ ಮೊಟ್ಟೆ ಇಡಲು ಒಂದು ತಂಗುದಾಣ ಆಗುತ್ತೆ. ಜೊತೆಗೆ, ತನ್ನ ಅಂಗಳದ ಎಕ್ಕದಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ಮೂರು-ನಾಲ್ಕು ವಾರ ಕಂಡವರು ಗೋಮಾಳವನ್ನು 'ಖಾಲಿ ಜಾಗ' ಅಂತ ಕರೆಯೋದು ಕಷ್ಟ.

ಮುಂಗಾರಿಗೆ ಮುಂಚೆ ಎರಡು ಕೆಲಸ ಮಾಡಬಹುದು. ಒಂದು, ಅಂಗಳದ ಒಂದು ಮೂಲೆಗೆ ಕುಡುಗೋಲು ತಾಗಿಸದೆ ಬಿಡೋದು. ಎರಡು, ನಿಮ್ಮ ನಗರಸಭೆ ಅಥವಾ ಪಂಚಾಯಿತಿ ಪಾರ್ಕಿಗೆ ಟೆಂಡರ್ ಕರೆದಾಗ ಗಿಡಗಳ ಪಟ್ಟಿ ಕೇಳೋದು. ಕೊಡದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಇದೆ. ಪಟ್ಟಿ ಸಿಕ್ಕ ಮೇಲೆ ಒಂದೇ ಪ್ರಶ್ನೆ ಸಾಕು: ಇದರಲ್ಲಿ ಹುಳು ತಿನ್ನುವ ಎಲೆ ಯಾವುದು ಸ್ವಾಮಿ?