ಉಗುರಿನ ಬಿಳಿ ಚುಕ್ಕೆಗೆ ಮಾತ್ರೆ ಏಕೆ?

ಬೆಳ್ಳಕ್ಕಿಗಳ ಸಾಲು ತಲೆಯ ಮೇಲೆ ಹಾರಿದಾಗ ಉಗುರುಗಳನ್ನು ಒಂದಕ್ಕೊಂದು ಉಜ್ಜಿ ಬಿಳಿ ಚುಕ್ಕೆ ಬೇಡುವ ಆಟ ಹಳ್ಳಿಯ ಮಕ್ಕಳಿಗೆ ಗೊತ್ತು. ಅದೇ ಚುಕ್ಕೆ ಅಮ್ಮನ ಕಣ್ಣಿಗೆ ಬಿದ್ದರೆ ‘ಮಗುವಿಗೆ ಕ್ಯಾಲ್ಸಿಯಂ ಕಡಿಮೆ’ ಎಂಬ ಆತಂಕ. ಔಷಧಿ ಅಂಗಡಿಯಿಂದ ಮಾತ್ರೆಯೂ ಬರುತ್ತದೆ. ವಾಸ್ತವವಾಗಿ ಇದು ಬೆಳ್ಳಕ್ಕಿಯ ಕೊಡುಗೆಯೂ ಅಲ್ಲ, ಕ್ಯಾಲ್ಸಿಯಂ ಕೊರತೆಯ ಗುರುತೂ ಅಲ್ಲ.

ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಕೂದಲಿನಲ್ಲಿ, ದನದ ಕೊಂಬಿನ ಹೊರಕವಚದಲ್ಲಿ ಇರುವುದೂ ಇದೇ ವಸ್ತು. ಕ್ಯಾಲ್ಸಿಯಂ ಅದರಲ್ಲಿ ಅತ್ಯಲ್ಪ. ಚರ್ಮದಡಿ ಅಡಗಿರುವ ಬುಡದಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಗಟ್ಟಿಯಾಗಿ, ಮುಂದಕ್ಕೆ ಸರಿಯುತ್ತವೆ. ಬಾಗಿಲಿಗೆ ಬೆರಳು ಸಿಕ್ಕಿಯೋ ಉಗುರು ಕಚ್ಚಿಯೋ ಆ ಬುಡಕ್ಕೆ ಸಣ್ಣ ಪೆಟ್ಟಾದರೆ, ವಾರಗಳ ನಂತರ ಚುಕ್ಕೆಯಾಗಿ ಹೊರಬರುತ್ತದೆ. ಆ ಹೊತ್ತಿಗೆ ಪೆಟ್ಟು ಮರೆತುಹೋಗಿರುತ್ತದೆ! ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿ.ಮೀ. ಮಾತ್ರ. ಅಮೆರಿಕದ ವೈದ್ಯ ವಿಲಿಯಂ ಬೀನ್ ತಮ್ಮ ಹೆಬ್ಬೆರಳಿನ ಉಗುರಿಗೆ ಗೀಟು ಹಾಕಿ 35 ವರ್ಷ ಅದನ್ನು ಅಳೆದರು: 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿ.ಮೀ., 67ರಲ್ಲಿ 0.095 ಮಿ.ಮೀ. ಚುಕ್ಕೆ ಬಂದ ಮಗು ಸ್ಕೇಲು ಹಿಡಿದು ವಾರವಾರವೂ ಅದರ ಪಯಣ ಅಳೆಯಬಹುದು. ಮಾತ್ರೆಗಿಂತ ಇದು ಲಾಭ.

ತಂದೆತಾಯಿ ಗಮನಿಸಬೇಕಾದದ್ದು ಬೇರೆಯೇ ಇದೆ. ಉಗುರು ಬಿಳಚಿಕೊಂಡು, ತೆಳುವಾಗಿ, ನಡುವೆ ಚಮಚದಂತೆ ಗುಳಿಬಿದ್ದರೆ ಅದು ಕಬ್ಬಿಣಾಂಶದ ಕೊರತೆಯ ಸೂಚನೆಯಿರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಮಂಕು. ಇಂಥ ಹುಡುಗಿಯನ್ನು ಸೋಮಾರಿ ಎಂದು ಗದರಿಸುವವರೇ ಹೆಚ್ಚು. ಗದರಿಸುವ ಮೊದಲು ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಉಗುರು ಚೆನ್ನಾಗಿದ್ದ ಮಾತ್ರಕ್ಕೆ ರಕ್ತಹೀನತೆ ಇಲ್ಲವೆಂದೂ ಅಲ್ಲ. ಸರ್ಕಾರಿ ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ನೀಲಿ ಮಾತ್ರೆ ಕೊಡುವುದು ಇದನ್ನು ತಡೆಯಲೆಂದೇ, ಕಿಟಕಿಯಾಚೆ ಎಸೆಯಲೆಂದಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣ ಮೈಗೆ ಸರಿಯಾಗಿ ಹತ್ತದು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ಉಳಿದ ತೊಂದರೆಗಳು ಹೆಚ್ಚಾಗಿ ಕೈಯಾರೆ ತಂದುಕೊಂಡವು. ಉಗುರು ಕಚ್ಚಿ, ಬದಿಯ ಸಿಪ್ಪೆ ಕಿತ್ತರೆ ರೋಗಾಣು ಹೊಕ್ಕು ಉಗುರುಸುತ್ತು ಆಗುತ್ತದೆ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವುದು ಹಳೆಯ ರೂಢಿ. ಹಿತವೆನಿಸಬಹುದು, ಆದರೆ ಕೀವು ತುಂಬಿದ್ದರೆ ವೈದ್ಯರೇ ತೆಗೆಯಬೇಕು. ಕಾಲಿನ ಹೆಬ್ಬೆರಳಿನ ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಿ. ಇಲ್ಲವಾದರೆ ಅಂಚು ಮಾಂಸದೊಳಗೆ ಇಳಿದು, ಬಿಗಿಯಾದ ಶಾಲಾ ಬೂಟಿನಲ್ಲಿ ಪ್ರಾಣ ಹಿಂಡುತ್ತದೆ. ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಕತ್ತರಿಸುವುದು ಸುಲಭ.