ಮೂರು ದೇಶಗಳಷ್ಟು ಜನ, 62 ದಿನ

1956ರ ಅಕ್ಟೋಬರ್ 31ರಂದು ಹುಲ್ಲಹಳ್ಳಿಯನ್ನು ದಾಟಿ ಬಂದ ಕಪಿಲೆಯ ನೀರು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ಮುಂದೆ ಸ್ವಲ್ಪ ದೂರದಲ್ಲೇ ಮದ್ರಾಸ್ ರಾಜ್ಯದ ಗಡಿ ಮುಟ್ಟುತ್ತಿತ್ತು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮರುದಿನವೂ ನದಿ ಅದೇ ದಾರಿಯಲ್ಲಿ ಹರಿಯಿತು. ಆದರೆ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರಿತ್ತು.

ಕನ್ನಡದ ಪ್ರದೇಶಗಳು ಒಂದೇ ರಾಜ್ಯವಾದ ಆ ಒಂದು ರಾತ್ರಿಯಲ್ಲಿ ಬದಲಾದದ್ದು ಎಷ್ಟು ದೊಡ್ಡದು? 1951ರ ಜನಗಣತಿಯ ಪ್ರಕಾರ ಒಂಬತ್ತು ಜಿಲ್ಲೆಗಳ ಹಳೆಯ ಮೈಸೂರಿನ ಜನಸಂಖ್ಯೆ ಸುಮಾರು 90.7 ಲಕ್ಷ. 1953ರಲ್ಲಿ ಬಳ್ಳಾರಿ ಬಂದು ಜಿಲ್ಲೆಗಳು ಹತ್ತಾದವು. ಆ ರಾತ್ರಿ ಮುಂಬಯಿ ರಾಜ್ಯದಿಂದ ನಾಲ್ಕು, ಹೈದರಾಬಾದಿನಿಂದ ಮೂರು, ಜೊತೆಗೆ ದಕ್ಷಿಣ ಕನ್ನಡ ಮತ್ತು ಕೊಡಗು. ಒಟ್ಟು 19 ಜಿಲ್ಲೆ, ಸುಮಾರು 1.94 ಕೋಟಿ ಜನ.

ಇದರ ಗಾತ್ರ ತಿಳಿಯಬೇಕಾದರೆ ಯುರೋಪಿನ ಕಡೆ ನೋಡಬೇಕು. ಐದು ತಿಂಗಳೂ ತುಂಬುವ ಮೊದಲು, 1957ರ ಮಾರ್ಚ್ 25ರಂದು, ಆರು ದೇಶಗಳು ರೋಮ್‌ನಲ್ಲಿ ಸಹಿ ಹಾಕಿ ಯುರೋಪಿಯನ್ ಆರ್ಥಿಕ ಸಮುದಾಯ ಕಟ್ಟಿದವು. ಆ ಆರರಲ್ಲಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಮೂರನ್ನೂ ಕೂಡಿಸಿದರೆ ಸುಮಾರು ಎರಡು ಕೋಟಿ ಜನ. ಹೊಸ ಮೈಸೂರು ಹೆಚ್ಚುಕಡಿಮೆ ಅಷ್ಟೇ ಜನರ ನಾಡು. ವಿಸ್ತೀರ್ಣದಲ್ಲಂತೂ ಆ ಮೂರು ದೇಶಗಳ ಎರಡೂವರೆ ಪಟ್ಟು.

ಇಷ್ಟು ದೊಡ್ಡ ಕೂಡುವಿಕೆಗೆ ಕತ್ತಿ ಬೇಕಾಗಲಿಲ್ಲ, ಮಾತು ಬೇಕಾಯಿತು. ಅದೂ ರಾಶಿಗಟ್ಟಲೆ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ದೇಶದ ಮೂಲೆಮೂಲೆಯಿಂದ ಬಂದ ಲಿಖಿತ ಅಹವಾಲುಗಳು 1,52,250. ಒಂದೊಂದಕ್ಕೆ ಬರೀ ಒಂದು ನಿಮಿಷ ಕೊಟ್ಟು, ದಿನಕ್ಕೆ ಎಂಟು ಗಂಟೆ ಕೂತು ಓದಿದರೂ 317 ದಿನ ಹಿಡಿಯುತ್ತದೆ. ಆಯೋಗ ಭೇಟಿ ಕೊಟ್ಟ ಸ್ಥಳಗಳು 104, ಮಾತನಾಡಿಸಿದವರು 9,000ಕ್ಕೂ ಹೆಚ್ಚು, ಸುತ್ತಿದ ದೂರ 38,000 ಮೈಲಿ. ಅಂದರೆ ಭೂಮಿಗೆ ಒಂದೂವರೆ ಪ್ರದಕ್ಷಿಣೆ.

1955ರ ಸೆಪ್ಟೆಂಬರ್ 30ರಂದು ವರದಿ ಬಂತು. ಮುಂದಿನ ಪ್ರಶ್ನೆ, ಶಾಸನಸಭೆಗಳಿಗೆ ಎಷ್ಟು ಸಮಯ? ಸಂವಿಧಾನದ 3ನೇ ವಿಧಿಯಂತೆ ರಾಜ್ಯದ ಗಡಿ ಬದಲಿಸುವ ಮುನ್ನ ಆ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಉತ್ತರಕ್ಕೆ ಗಡುವು ಇರಲಿಲ್ಲ. 1955ರ ಡಿಸೆಂಬರ್ 24ರಂದು ಜಾರಿಗೆ ಬಂದ ಐದನೇ ತಿದ್ದುಪಡಿ, ಗಡುವು ಗೊತ್ತುಮಾಡುವ ಮತ್ತು ವಿಸ್ತರಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಇಡೀ ದೇಶದ ನಕ್ಷೆ ತಿದ್ದುವ ಮೊದಲು, ಚರ್ಚೆಯ ಅವಧಿಗಾಗಿಯೇ ಸಂವಿಧಾನವನ್ನು ತಿದ್ದಬೇಕಾಯಿತು!

ಮೈಸೂರಿನಲ್ಲಿ ಆ ಚರ್ಚೆ ಸುಲಭದ್ದಾಗಿರಲಿಲ್ಲ. ಕನ್ನಂಬಾಡಿಯ ನೀರು, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ ಎಲ್ಲವೂ ಹಳೆಯ ಮೈಸೂರಿನ ಗಳಿಕೆ. ಹಿಂದುಳಿದ ಜಿಲ್ಲೆಗಳ ಭಾರ ನಮ್ಮ ಹೆಗಲಿಗೇಕೆ ಎಂದು ಹಲವರು ಕೇಳಿದರು. ಅವರ ಆತಂಕಕ್ಕೆ ಲೆಕ್ಕದ ಬಲವೂ ಇತ್ತು: ಬಳ್ಳಾರಿ ಬರುವವರೆಗೆ ತಮ್ಮ ರಾಜ್ಯದಲ್ಲಿ ನೂರಕ್ಕೆ ನೂರು ಇದ್ದವರು ಹೊಸ ರಾಜ್ಯದಲ್ಲಿ ನೂರಕ್ಕೆ 47 ಆಗುತ್ತಿದ್ದರು. ತಮ್ಮದೇ ಪ್ರಾಂತದ ವಿರೋಧವನ್ನು ಎದುರಿಸಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಏಕೀಕರಣದ ಪರ ನಿಂತರು. ಬಲವಿದ್ದವರು ತಮ್ಮ ಬಹುಮತ ಬಿಟ್ಟು ನೆರೆಯವರೊಡನೆ ಸಮನಾಗಿ ಕೂರುವುದು ಲೋಕದಲ್ಲಿ ದಿನಾ ನಡೆಯುವ ಸಂಗತಿಯಲ್ಲ.

ಸಂಸತ್ತು ಅಂಗೀಕರಿಸಿದ ಪುನರ್ವಿಂಗಡಣಾ ಕಾಯ್ದೆಗೆ 1956ರ ಆಗಸ್ಟ್ 31ರಂದು ಅಂಕಿತ ಬಿತ್ತು. ನವೆಂಬರ್ 1ಕ್ಕೆ ಉಳಿದದ್ದು 62 ದಿನ. ಅಷ್ಟರಲ್ಲಿ ಐದು ಆಡಳಿತಗಳ ನೌಕರರು, ಕಡತಗಳು, ಖಜಾನೆಗಳು ಒಂದು ಸರ್ಕಾರದ ಕೈಕೆಳಗೆ ಬರಬೇಕಿತ್ತು. ದೇಶದುದ್ದಕ್ಕೂ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ ಸಿದ್ಧವಾಗಬೇಕಿತ್ತು. ಹೋಲಿಕೆಗೆ, ರೋಮ್ ಒಪ್ಪಂದ ಜಾರಿಗೆ ಬರಲು 282 ದಿನ ಬೇಕಾದವು. ಬ್ರಿಟನ್ ಅದೇ ಯುರೋಪಿಯನ್ ಸಮುದಾಯವನ್ನು ಸೇರಬೇಕೇ ಎಂದು 1971ರ ಅಕ್ಟೋಬರಿನಲ್ಲಿ ಅಲ್ಲಿನ ಕಾಮನ್ಸ್ ಸಭೆ ಆರು ದಿನ ಚರ್ಚಿಸಿ, 356–244 ಮತಗಳಿಂದ ಒಪ್ಪಿತು. ಸೇರಿದ್ದು 1973ರ ಜನವರಿ 1ರಂದು.

ಒಂದಾದ ಮೇಲೂ ಲೆಕ್ಕ ತೀರಲಿಲ್ಲ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಂತೆ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. 1956ರಲ್ಲಿ ಕೊಟ್ಟ ಸಮಾನತೆಯ ಮಾತು ಎಷ್ಟು ಉಳಿಯಿತು, ಎಷ್ಟು ಬಾಕಿಯಾಯಿತು ಎಂದು ಒರೆಗೆ ಹಚ್ಚುವ ಜಾಗ ಶಾಸನಸಭೆಯೇ. ಅದಕ್ಕೇ ಅಧಿವೇಶನದ ದಿನಾಂಕ ಪ್ರಕಟವಾದಾಗ ಕಪಿಲೆಯ ದಡದವರೂ ಕೃಷ್ಣೆಯ ದಡದವರೂ ಮೊದಲು ಕೇಳಬೇಕಾದದ್ದು ಎಷ್ಟು ದಿನ, ಯಾವ ವಿಷಯಕ್ಕೆ ಎಷ್ಟು ಗಂಟೆ ಎಂದು. ಒಂದೂವರೆ ಲಕ್ಷ ಅಹವಾಲುಗಳಿಗೆ ಕಿವಿಗೊಟ್ಟು ಕಟ್ಟಿದ ರಾಜ್ಯದಲ್ಲಿ ಚರ್ಚೆಯಿಲ್ಲದೆ ಮಸೂದೆಗಳು ಪಾಸಾಗಬಾರದು.