ಎದೆಯ ಮೇಲೆ ಯಾರ ಹೆಸರು?

ಕಂಪನಿಯಿಂದ ಹಣ ಪಡೆದು ಅದರ ಹೆಸರನ್ನು ಜೆರ್ಸಿಯ ಮೇಲೆ ಹಾಕಿಕೊಳ್ಳುವುದು ಆಟದ ಲೋಕದ ಮಾಮೂಲು ವ್ಯವಹಾರ. 2006ರಲ್ಲಿ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ ಇದನ್ನು ತಲೆಕೆಳಗು ಮಾಡಿತು. 1899ರಲ್ಲಿ ಹುಟ್ಟಿದ ಕ್ಲಬ್ಬು ಅಲ್ಲಿಯವರೆಗೆ ಎದೆಯ ಜಾಗವನ್ನು ಯಾರಿಗೂ ಮಾರಿರಲಿಲ್ಲ. ಕೊನೆಗೆ ಅಲ್ಲಿ ಬಂದ ಹೆಸರು ಯುನಿಸೆಫ್. ಹಣ ಕೊಟ್ಟದ್ದು ಮಾತ್ರ ಕ್ಲಬ್ಬೇ! ವರ್ಷಕ್ಕೆ 15 ಲಕ್ಷ ಯೂರೋದಂತೆ ಐದು ವರ್ಷದ ಒಪ್ಪಂದ. ಮೊದಲು ನೆರವು ತಲುಪಿದ್ದು ಆಫ್ರಿಕಾದ ಸ್ವಾಜಿಲ್ಯಾಂಡಿನ ಎಚ್‌ಐವಿ ಬಾಧಿತ ಮಕ್ಕಳಿಗೆ. 2008ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ತನ್ನ ಎದೆಯನ್ನು ಬಿಡಿಗಾಸೂ ಕೇಳದೆ ಏಕಾರ್ನ್ಸ್‌ಗೆ ಬಿಟ್ಟುಕೊಟ್ಟಿತು. ವಾಸಿಯಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ ಅದು. ನಮ್ಮ ಆರ್‌ಸಿಬಿ ಪರಿಸರ ಜಾಗೃತಿಗಾಗಿ 2011ರಿಂದ ಐಪಿಎಲ್‌ನ ಒಂದು ಪಂದ್ಯಕ್ಕೆ ಹಸಿರು ಜೆರ್ಸಿ ತೊಡುತ್ತಿದೆ, ಎದುರಾಳಿ ನಾಯಕನಿಗೆ ಸಸಿಯನ್ನೂ ಕೊಡುತ್ತದೆ. ಸಂದೇಶ ಒಳ್ಳೆಯದೇ, ಆದರೆ ನೋಡಿದವನು ನೂರು ರೂಪಾಯಿ ಕೊಡಬೇಕೆಂದರೆ ಯಾರಿಗೆ ಕೊಡಬೇಕೆಂಬುದು ಆ ಬಣ್ಣದಲ್ಲಿ ಬರೆದಿರುವುದಿಲ್ಲ.

ಇನ್ನು ನಮ್ಮ ಸೀಮೆಗೆ ಬಂದರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಶಾಲಾ ಕಬಡ್ಡಿ, ಕೊಕ್ಕೊ ತಂಡಗಳಿಗೆ ಜೆರ್ಸಿ ಬೇಕೆಂದರೆ ದೈಹಿಕ ಶಿಕ್ಷಕರು ದಾನಿಗಳನ್ನೇ ಹುಡುಕಬೇಕು. ಊರಿನ ಟೆನ್ನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳಲ್ಲಂತೂ ದಾನಿಯ ಹೆಸರು ಆಟಗಾರನ ನಂಬರಿಗಿಂತ ದಪ್ಪಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಫೋಟೊ ಸಮೇತ. ಇದೇ ಸೀಮೆಯ ಪಾವಗಡದಲ್ಲಿ ಸ್ವಾಮಿ ಜಪಾನಂದಜಿ ಅವರ ಶ್ರೀ ರಾಮಕೃಷ್ಣ ಸೇವಾಶ್ರಮವಿದೆ. ಕುಷ್ಠ, ಕ್ಷಯ ರೋಗಿಗಳ ಆರೈಕೆ, ಕಣ್ಣಿನ ಚಿಕಿತ್ಸೆ ಅದರ ಕೆಲಸ. ಬರಗಾಲದ ಸೀಮೆಯಲ್ಲಿ ಕಣ್ಣಿನ ಪೊರೆ ಬಂದ ಅಜ್ಜಿಯೊಬ್ಬಳಿಗೆ ಅಂಥ ಆಸ್ಪತ್ರೆ ಹತ್ತಿರದಲ್ಲೇ ಇದೆ ಎಂದು ತಿಳಿಯುವುದೇ ಅರ್ಧ ಚಿಕಿತ್ಸೆ. ಮೊಮ್ಮಗನ ಜೆರ್ಸಿಗಿಂತ ಆಕೆಗೆ ಹತ್ತಿರದ ಜಾಹೀರಾತು ಫಲಕ ಯಾವುದಿದೆ? ಇಂಥ ಹೆಸರು ಆ ಎದೆಯ ಮೇಲೆ ಬರಬೇಕೆಂಬುದೇ ನನ್ನ ವಾದ.

ಸೇವಾಸಂಸ್ಥೆಯ ದುಡ್ಡು ಬಟ್ಟೆಗೆ ಹೋಗಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಹಣ ಹಾಕುವವರು ಬೇರೆಯೇ ಇರಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವಿನಿಯೋಗಿಸಬೇಕು ಎನ್ನುತ್ತದೆ. ಗ್ರಾಮೀಣ ಕ್ರೀಡೆಯ ತರಬೇತಿ ಅದರ ಪಟ್ಟಿಯಲ್ಲಿದೆ. ತನ್ನ ಸರಕಿನ ಪ್ರಚಾರಕ್ಕಾಗಿ ಮಾಡಿದ ಪ್ರಾಯೋಜಕತ್ವ ಮಾತ್ರ ಆ ಲೆಕ್ಕಕ್ಕೆ ಬಾರದು. ಅಂದಮೇಲೆ ಕಂಪನಿಗೆ ತನ್ನ ಹೆಸರನ್ನೇ ಹಾಕಿಸುವ ಹಟವೇಕೆ? ಪಾವಗಡದಲ್ಲೇ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿನ ಕಂಪನಿಗಳು ಮಕ್ಕಳ ತರಬೇತಿಯ ಖರ್ಚು ಹೊತ್ತು, ಎದೆಯ ಜಾಗವನ್ನು ಆಸ್ಪತ್ರೆಗೆ ಬಿಟ್ಟರೆ ಅವಕ್ಕೇನೂ ನಷ್ಟವಿಲ್ಲ.

ಬರಿಯ ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ತುಂಬುವುದಿಲ್ಲ. ಆದ್ದರಿಂದಲೇ ವಿಲ್ಲಾಗಿಂತ ಬಾರ್ಸಿಲೋನಾದ ಮಾದರಿ ಮೇಲು, ಅಲ್ಲಿ ಹೆಸರಿನ ಹಿಂದೆಯೇ ಚೆಕ್ಕೂ ಹೋಯಿತು. ಟೂರ್ನಿಯ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಆ ಸಂಸ್ಥೆಗೆ ಕೊಟ್ಟು, ಫೈನಲ್ ದಿನ ಮೈಕಿನಲ್ಲಿ ಲೆಕ್ಕ ಓದಿದರೆ ಸಾಕು. ಹೆಸರಿನ ಬೆಲೆಯೂ ಸಣ್ಣದಲ್ಲ. ಇದೇ ಹಳ್ಳಿಗಳ ಡೇರಿಗಳಿಗೆ ಹಾಲು ಹಾಕುವವರ ಬ್ರ್ಯಾಂಡ್ ‘ನಂದಿನಿ’, 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಜೆರ್ಸಿಯ ಮೇಲೆ ಕಾಣಿಸಿಕೊಂಡಾಗ ನಾಡಿಗೆ ನಾಡೇ ಮಾತಾಡಿತು.

ಇದೆಲ್ಲ ಹೆಚ್ಚು ದಿನ ಬಾಳುವುದಿಲ್ಲ ಎಂಬ ಮಾತನ್ನು ಮಾತ್ರ ತಳ್ಳಿಹಾಕಲಾಗದು. 2011ರಲ್ಲಿ ಬಾರ್ಸಿಲೋನಾಕ್ಕೆ ಕತಾರ್ ಫೌಂಡೇಶನ್ ವರ್ಷಕ್ಕೆ ಸುಮಾರು 3 ಕೋಟಿ ಯೂರೋ ತಂದಿತು. ಯುನಿಸೆಫ್ ಬೆನ್ನಿಗೆ, ನಂಬರಿನ ಕೆಳಕ್ಕೆ ಸರಿಯಿತು. ವಿಲ್ಲಾದ ಎದೆಗೆ 2010ರಲ್ಲಿ ಹಣಕಾಸು ಕಂಪನಿ ಬಂತು, ಮರುವರ್ಷ ಕ್ಯಾಸಿನೊ ಕಂಪನಿ. ಆದರೂ ಬಾರ್ಸಿಲೋನಾದ ಆ ಐದು ವರ್ಷಗಳ ಹಣ ತಲುಪಬೇಕಾದವರಿಗೆ ತಲುಪಿತ್ತಲ್ಲ. ನಮ್ಮ ನಾಲ್ಕು ತಾಲ್ಲೂಕಿನ ಹುಡುಗರ ಎದೆಯ ಜಾಗ ಕೇಳಿಕೊಂಡು ಕತಾರ್‌ನಿಂದ ಯಾರೂ ಬರುವುದಿಲ್ಲ. ಬರುವವರು ಮುಂದಿನ ಪಂಚಾಯಿತಿ ಚುನಾವಣೆಯ ಆಕಾಂಕ್ಷಿಗಳು. ಅವರು ಆಗಲೇ ಅಳತೆ ಕೊಟ್ಟು ಹೋಗಿರುತ್ತಾರೆ.